ಎಣ್ಣೆಯನ್ನು ತಿಳಿಮಾಡುವ ಮಣ್ಣು



ಬಗ್ಗಡವಾದ ನೀರನ್ನು ತಿಳಿಮಾಡಬೇಕಾದರೆ ನಮ್ಮ ಹಿರಿಯರು ಚಿಲ್ಲದ ಬೀಜವನ್ನು ತೇಯ್ದು ಕೊಡದ ಒಳಮೈಗೆ ಸವರಿ ನೀರು ತುಂಬುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಮಣ್ಣೆಲ್ಲ ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುತ್ತಿತ್ತು. ಮಣ್ಣೆಂಬುದು ಕೊಳೆ, ಅದು ಹೋದರೆ ಶುದ್ಧಿ ಎಂಬುದು ಇಲ್ಲಿಯ ತಿಳಿವಳಿಕೆ. ಈ ಸಂಜೆ ನಾನು ತಮ್ಮ ಮುಂದಿಡಬೇಕೆಂದಿರುವ ವಿಷಯ ಇದಕ್ಕೆ ತೀರ ವಿರೋಧವಾಗಿ ಕಾಣತಕ್ಕದ್ದು. ಎಣ್ಣೆಯನ್ನು ತಿಳಿಮಾಡುವವರು ಅದಕ್ಕೆ ಮಣ್ಣನ್ನೇ ಬೆರೆಸುತ್ತಾರೆ. ಬೆರೆಸಿ, ಕಾಯಿಸಿ, ಕದಡಿ, ಮತ್ತೆ ಸೋಸಿದರೆ, ಕಂದುಬಣ್ಣದ ಎಣ್ಣೆ ಹೆಚ್ಚುಕಡಮೆ ನೀರಿನಂತೆ ತಿಳಿಯಾಗಿ ಹೊರಬರುತ್ತದೆ.

ಅಂಗಡಿಯಲ್ಲಿ ಶುದ್ಧೀಕರಿಸಿದ ಎಣ್ಣೆಯನ್ನು ಕೊಳ್ಳುವ ಪ್ರತಿಯೊಂದು ಸಂಸಾರವೂ ಈ ಮಣ್ಣಿನ ಉಪಕಾರವನ್ನು ತಿಳಿದೋ ತಿಳಿಯದೆಯೋ ಪಡೆಯುತ್ತಿದೆ. ಗಾಣದಿಂದ ಬಂದ ಕಡಲೆಕಾಯಿ ಎಣ್ಣೆಗೆ ಹೊಂಬಣ್ಣವಿರುತ್ತದೆ, ಕಂಪಿರುತ್ತದೆ. ಕಾರ್ಖಾನೆಯ ಎಣ್ಣೆಗೆ ಎರಡೂ ಇಲ್ಲ. ಆ ಬಣ್ಣ ಎಲ್ಲಿಗೆ ಹೋಯಿತು? ಬಣ್ಣ ಹೋದುದರಿಂದ ಎಣ್ಣೆ ಉತ್ತಮವಾಯಿತೇ, ಅಥವಾ ಉತ್ತಮವಾದಂತೆ ತೋರುತ್ತದೆಯೇ? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಕಂಡುಕೊಳ್ಳುವುದು ಇಂದಿನ ಭಾಷಣದ ಉದ್ದೇಶ.

ಮಣ್ಣಿನಿಂದ ಜಿಡ್ಡನ್ನು ತೆಗೆಯುವ ವಿದ್ಯೆ ಹಳೆಯದು. ಉಣ್ಣೆಯ ಬಟ್ಟೆಯನ್ನು ನೆಯ್ದಮೇಲೆ ಅದರಲ್ಲಿ ಕುರಿಯ ಮೈಯ ಜಿಡ್ಡು ಉಳಿದಿರುತ್ತದೆ. ರೋಮನರ ಕಾಲದಿಂದಲೂ ಯೂರೋಪಿನ ಮಡಿವಾಳರು ಒಂದು ಬಗೆಯ ನುಣುಪಾದ ಜೇಡಿಯನ್ನು ನೀರಿನಲ್ಲಿ ಕಲಸಿ, ಬಟ್ಟೆಯನ್ನು ಅದರಲ್ಲಿ ತುಳಿದು, ಆ ಜಿಡ್ಡನ್ನು ತೆಗೆಯುತ್ತಿದ್ದರು. ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿ ಈ ಮಣ್ಣು ಹೇರಳವಾಗಿತ್ತು. ಆ ದೇಶದ ಉಣ್ಣೆಯ ಉದ್ಯಮಕ್ಕೆ ಅದು ಎಷ್ಟು ಅವಶ್ಯವಾಗಿತ್ತೆಂದರೆ, 17ನೆಯ ಶತಮಾನದಲ್ಲಿ ಅದನ್ನು ಹೊರದೇಶಗಳಿಗೆ ಸಾಗಿಸಕೂಡದೆಂದು ಸರ್ಕಾರವೇ ನಿಷೇಧಿಸಿತ್ತು. ನಮ್ಮ ಉತ್ತರದೇಶದ ಹೆಂಗಸರು ತಲೆಗೂದಲಿಗೂ ಮುಖಕ್ಕೂ ಹಚ್ಚುವ ಮುಲ್ತಾನಿ ಮಿಟ್ಟಿ ಇದೇ ಕುಲಕ್ಕೆ ಸೇರಿದ್ದು. ನಮ್ಮ ಕಡೆಯ ಅಗಸರು ಬಳಸುತ್ತಿದ್ದ ಚೌಳುಮಣ್ಣನ್ನು ಮಾತ್ರ ಇದರೊಡನೆ ಸೇರಿಸಬಾರದು. ಚೌಳಿನಲ್ಲಿರುವುದು ಕ್ಷಾರ, ಅದು ಜಿಡ್ಡಿನೊಡನೆ ಕೂಡಿ ಸಾಬೂನಾಗಿ ನೀರಿನಲ್ಲಿ ಕರಗಿಹೋಗುತ್ತದೆ. ಜೇಡಿಯಾದರೋ ಜಿಡ್ಡನ್ನು ಕರಗಿಸುವುದಿಲ್ಲ. ತನ್ನ ಮೈಗೆ ಹತ್ತಿಸಿಕೊಳ್ಳುತ್ತದೆ.

ಬಟ್ಟೆಗೆ ಸಲ್ಲುತ್ತಿದ್ದ ಈ ಮಣ್ಣು ಎಣ್ಣೆಗೂ ಸಲ್ಲುತ್ತದೆಂಬುದು 19ನೆಯ ಶತಮಾನದ ಕೊನೆಯಲ್ಲಿ ವ್ಯಾಪಾರದ ಮಟ್ಟದಲ್ಲಿ ಬಳಕೆಗೆ ಬಂತು. ಅಮೆರಿಕದವರು ತಮ್ಮ ಹತ್ತಿಬೀಜದ ಎಣ್ಣೆಯನ್ನು ತಿಳಿಮಾಡಲು ಇಂಗ್ಲೆಂಡಿನಿಂದ ಮಣ್ಣನ್ನು ತರಿಸುತ್ತಿದ್ದರು. 1893ರಲ್ಲಿ ಫ್ಲಾರಿಡದ ಕ್ವಿನ್ಸಿ ಎಂಬ ಊರಿನ ಬಳಿ ಅದೇ ಗುಣದ ಮಣ್ಣು ಸಿಕ್ಕಿತು. ಇಟ್ಟಿಗೆ ಸುಡಲೆಂದು ತೆಗೆದ ಮಣ್ಣು ಇಟ್ಟಿಗೆಗೆ ಒದಗಲಿಲ್ಲವೆಂದೂ, ಆಗ ಅದರ ನಿಜವಾದ ಬೆಲೆ ತಿಳಿದುಬಂದಿತೆಂದೂ ಹೇಳುತ್ತಾರೆ. ಇದಾದ ಕೆಲವು ವರ್ಷಗಳಲ್ಲಿ, 20ನೆಯ ಶತಮಾನದ ಮೊದಲ ದಶಕದಲ್ಲಿ, ಜರ್ಮನಿಯ ಬವೇರಿಯ ಪ್ರಾಂತದಲ್ಲಿ ಮುಂದಿನ ಹೆಜ್ಜೆ ಬಿದ್ದಿತು. ತಾನಾಗಿ ಹೆಚ್ಚಿನ ಶಕ್ತಿಯಿಲ್ಲದ ಜೇಡಿಯನ್ನು ಆಮ್ಲದಲ್ಲಿ ಕುದಿಸಿದರೆ ಅದು ಸಹಜವಾದ ಮಣ್ಣಿಗಿಂತ ಎಷ್ಟೋ ಪಾಲು ಬಲವಾಗುತ್ತದೆಂಬುದು ಅಲ್ಲಿ ಕೈಗಾರಿಕೆಯಾಗಿ ಬೆಳೆಯಿತು. ಹೀಗೆ ಸಂಸ್ಕಾರ ಪಡೆದ ಮಣ್ಣಿಗೆ ಪಟುಕೃತ ಮೃತ್ತಿಕೆ ಎಂದು ಹೆಸರಿಡಬಹುದು. ಸುಲಭವಾಗಿ ಚುರುಕುಗೊಳಿಸಿದ ಮಣ್ಣು ಎನ್ನೋಣ. ನಮ್ಮ ದೇಶದಲ್ಲಿ ಕಚ್ಛ್ ಸೀಮೆಯಲ್ಲಿ ದೊರೆಯುವ ಬೆಂಟೊನೈಟ್ ಎಂಬ ಜೇಡಿಯಿಂದ ಇದನ್ನು ತಯಾರಿಸುತ್ತಾರೆ.

ಈ ಜೇಡಿಯಲ್ಲಿ ಅಂಥ ಗುಣವೇನಿದೆ? ಬೆಂಟೊನೈಟಿನ ಮುಖ್ಯ ಅಂಶ ಮಾಂಟ್‌ಮೊರಿಲೊನೈಟ್ ಎಂಬ ಖನಿಜ. ಫ್ರಾನ್ಸ್ ದೇಶದ ಒಂದು ಊರಿನಿಂದ ಅದಕ್ಕೆ ಈ ಹೆಸರು ಬಂದಿದೆ. ಅದರ ರಚನೆ ಪುಸ್ತಕದ ಹಾಳೆಗಳಂತೆ. ಒಂದೊಂದು ಹಾಳೆಯ ದಪ್ಪ, ಒಂದು ಸೆಂಟಿಮೀಟರನ್ನು ಒಂದು ಕೋಟಿ ಪಾಲು ಮಾಡಿದರೆ ಬರುವಷ್ಟು. ಪ್ರತಿಯೊಂದು ಹಾಳೆಯಲ್ಲೂ ಮೂರು ಪದರಗಳುಂಟು: ಮೇಲೊಂದು ಕೆಳಗೊಂದು ಸಿಲಿಕದ ಪದರ, ನಡುವೆ ಅಲ್ಯೂಮಿನದ ಪದರ. ನಡುವಣ ಪದರದಲ್ಲಿ ಅಲ್ಯೂಮಿನಿಯಂ ಇರಬೇಕಾದ ಕೆಲವು ಎಡೆಗಳಲ್ಲಿ ಮೆಗ್ನೀಸಿಯಂ ಕುಳಿತಿರುವುದರಿಂದ ಇಡೀ ಹಾಳೆಗೆ ಋಣವಿದ್ಯುತ್ತಿನ ಗುಣ ಬರುತ್ತದೆ. ಅದನ್ನು ಸರಿದೂಗಿಸಲು ಹಾಳೆಹಾಳೆಗಳ ನಡುವೆ ಸುಣ್ಣದ ಅಥವಾ ಸೋಡಿಯಂನ ಅಯಾನುಗಳು ಸೇರಿಕೊಂಡಿರುತ್ತವೆ.

ಈಗ ಈ ಜೇಡಿಯನ್ನು ಗಂಧಕಾಮ್ಲದಲ್ಲಾಗಲಿ ಹೈಡ್ರೊಕ್ಲೋರಿಕ್ ಆಮ್ಲದಲ್ಲಾಗಲಿ ಕೆಲವು ಗಂಟೆಗಳ ಕಾಲ ಕುದಿಸುತ್ತಾರೆ. ಹಾಳೆಗಳ ನಡುವಿನ ಸುಣ್ಣ ಹೊರಬಿದ್ದು ಅದರ ಸ್ಥಾನದಲ್ಲಿ ಆಮ್ಲದ ಹೈಡ್ರೊಜನ್ ಬಂದು ಕೂರುತ್ತದೆ. ಅನಂತರ ಆಮ್ಲವು ಅಂಚುಗಳಿಂದ ಒಳಹೊಕ್ಕು ನಡುವಣ ಪದರದ ಮೆಗ್ನೀಸಿಯಂ, ಕಬ್ಬಿಣ, ಅಲ್ಯೂಮಿನಿಯಂಗಳನ್ನು ಸ್ವಲ್ಪಸ್ವಲ್ಪವಾಗಿ ಕರಗಿಸುತ್ತದೆ. ಗೆದ್ದಲು ತಿಂದ ಹಳೆಯ ಗ್ರಂಥದಂತೆ ಹಾಳೆಗಳ ಅಂಚು ಬಿರಿದು ಎಲ್ಲೆಲ್ಲೂ ಸೂಕ್ಷ್ಮರಂಧ್ರಗಳಾಗುತ್ತವೆ. ಮೊದಲು ಒಂದು ಗ್ರಾಂ ಜೇಡಿಗೆ 50–80 ಚದರ ಮೀಟರಿನಷ್ಟು ಮೈಯಿದ್ದರೆ, ಈ ಸಂಸ್ಕಾರವಾದ ಮೇಲೆ ಅದು 200–300 ಚದರ ಮೀಟರಿಗೆ ಏರುತ್ತದೆ. ಎಂದರೆ ಒಂದು ಚಿಟಿಕೆ ಮಣ್ಣಿನಲ್ಲಿ ಟೆನ್ನಿಸ್ ಆಟದ ಒಂದು ಅಂಗಳವೇ ಅಡಗಿದೆ.

ಇಲ್ಲಿ ಮಿತಿಯನ್ನರಿತು ನಿಲ್ಲಿಸಬೇಕು. ಆಮ್ಲವನ್ನು ಹೆಚ್ಚು ಹೊತ್ತು ಬಿಟ್ಟರೆ ನಡುವಣ ಪದರವೆಲ್ಲ ಕರಗಿಹೋಗಿ ಬರಿಯ ಸಿಲಿಕ ಉಳಿಯುತ್ತದೆ. ಮಣ್ಣು ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಒಣಗಿಸುವಾಗಲೂ ಅದರಲ್ಲಿ ನೂರಕ್ಕೆ ಹತ್ತರಷ್ಟು ತೇವವನ್ನು ಉಳಿಸುವುದು ವಾಡಿಕೆ. ಪೂರ್ತಿ ಸುಟ್ಟು ಒಣಗಿಸಿದರೆ ಹಾಳೆಗಳು ಒಂದರ ಮೇಲೊಂದು ಕುಸಿದು ಎಣ್ಣೆಗೆ ಒಳದಾರಿ ಸಿಕ್ಕುವುದಿಲ್ಲ. ಮಣ್ಣನ್ನು ತೊಳೆದ ನೀರಿನಲ್ಲಿ ಆಮ್ಲವೂ ಕಬ್ಬಿಣ ಅಲ್ಯೂಮಿನಿಯಂಗಳ ಲವಣಗಳೂ ಇರುವುದರಿಂದ, ಸುಣ್ಣದಿಂದ ಶಮನಮಾಡದೆ ಅದನ್ನು ಹಳ್ಳಕೊಳ್ಳಗಳಿಗೆ ಬಿಡುವುದು ಅಪಚಾರ. ಎಣ್ಣೆಯನ್ನು ತಿಳಿಮಾಡಲು ಹೊರಟವರು ಊರಿನ ನೀರನ್ನು ಕೆಡಿಸಬಾರದಷ್ಟೆ.

ಇನ್ನು ಎಣ್ಣೆಯ ಕಡೆಗೆ ತಿರುಗೋಣ. ಶುದ್ಧವಾದ ಸ್ನೇಹದ್ರವ್ಯಕ್ಕೆ ಬಣ್ಣವೇ ಇಲ್ಲವೆನ್ನಬಹುದು. ನಾವು ಕಾಣುವ ಬಣ್ಣ ಅದರ ಜೊತೆಗೆ ಬೀಜದಿಂದ ಬಂದ ಪರಿವಾರದ್ದು. ಹಳದಿ ಕೆಂಪುಗಳು ಕ್ಯಾರೊಟೀನ್ ಮುಂತಾದುವುಗಳಿಂದ, ಹಸುರು ಪತ್ರಹರಿತ್ತಿನಿಂದ. ತಾಳೆಯ ಎಣ್ಣೆಯಲ್ಲಿ ಹತ್ತು ಲಕ್ಷ ಪಾಲಿಗೆ 500ರಿಂದ 700 ಪಾಲು ಕ್ಯಾರೊಟೀನ್ ವರ್ಗದ ವಸ್ತುಗಳಿರುವುದರಿಂದಲೇ ಅದು ಅಷ್ಟು ಕೆಂಪು. ಇವಲ್ಲದೆ ಕಣ್ಣಿಗೆ ಕಾಣದ ಪರಿವಾರವೂ ಒಂದುಂಟು: ಅಂಟಾದ ಫಾಸ್ಫಟೈಡುಗಳು, ಬಿಡಿಯಾದ ಮೇದಾಮ್ಲಗಳು, ಯಂತ್ರಗಳಿಂದಲೂ ಪಾತ್ರೆಗಳಿಂದಲೂ ಸೇರಿದ ಕಬ್ಬಿಣ ತಾಮ್ರಗಳ ಲೇಶ, ಗಾಳಿಯ ಆಮ್ಲಜನಕ ತಗಲಿ ಹುಟ್ಟಿದ ಪೆರಾಕ್ಸೈಡುಗಳು. ಇವುಗಳಲ್ಲಿ ತಾಮ್ರದ ದ್ರೋಹ ದೊಡ್ಡದು. ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಮೆಯಿದ್ದರೂ ಎಣ್ಣೆ ಬೇಗ ಮುಗ್ಗುವಂತೆ ಅದು ಪ್ರೇರಿಸುತ್ತದೆ. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಎಣ್ಣೆ ತುಪ್ಪಗಳನ್ನು ಇಡಬಾರದೆಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುತ್ತಿದ್ದುದರಲ್ಲಿ ಅರ್ಥವಿದೆ. ಪತ್ರಹರಿತ್ತಿನ ದೋಷವೂ ಸಣ್ಣದಲ್ಲ. ಬೆಳಕು ಬಿದ್ದಾಗ ಅದು ಬೆಳಕಿನ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸಿ ಎಣ್ಣೆಯನ್ನು ಕೆಡಿಸುತ್ತದೆ.

ಕಾರ್ಖಾನೆಯಲ್ಲಿ ಮೊದಲು ನೀರಿನಿಂದ ಅಂಟನ್ನು ತೆಗೆಯುತ್ತಾರೆ. ಆಮೇಲೆ ಕ್ಷಾರವನ್ನು ಬೆರೆಸಿ ಬಿಡಿ ಮೇದಾಮ್ಲಗಳನ್ನು ಸಾಬೂನು ಮಾಡಿ ಬೇರ್ಪಡಿಸುತ್ತಾರೆ. ತೊಳೆದು ಒಣಗಿಸಿದ ಈ ಎಣ್ಣೆ ಮಣ್ಣಿನ ಬಳಿಗೆ ಬರುತ್ತದೆ. ನೂರು ಪಾಲು ಎಣ್ಣೆಗೆ ಅರ್ಧದಿಂದ ಎರಡು ಪಾಲು ಮಣ್ಣು, 90ರಿಂದ 110 ಡಿಗ್ರಿ ಸೆಂಟಿಗ್ರೇಡ್ ಶಾಖ, ಇಪ್ಪತ್ತು ಮೂವತ್ತು ನಿಮಿಷಗಳ ಕಾಲ ಕದಡುವುದು, ಇಷ್ಟೇ ಕ್ರಮ. ಆದರೆ ಇದೆಲ್ಲವೂ ಗಾಳಿಯನ್ನು ಹೊರಗೆ ಸೆಳೆದ ಮುಚ್ಚಿದ ಪಾತ್ರೆಯಲ್ಲಿ ನಡೆಯಬೇಕು. ಬಿಸಿಯೂ ಗಾಳಿಯೂ ಮಣ್ಣೂ ಒಟ್ಟಿಗೆ ಸೇರಿದರೆ ಎಣ್ಣೆಯೇ ಕೆಟ್ಟು, ಬಣ್ಣ ಹೋಗುವುದಕ್ಕೆ ಬದಲಾಗಿ ಕಚ್ಚಿಕೊಳ್ಳುತ್ತದೆ. ಕಡೆಗೆ ಸೋಸುವ ಯಂತ್ರದಲ್ಲಿ ಮಣ್ಣನ್ನು ಬೇರ್ಪಡಿಸುತ್ತಾರೆ. ಈ ಎಣ್ಣೆಗೆ ಒಂದು ಬಗೆಯ ಮಣ್ಣಿನ ವಾಸನೆ ಹತ್ತಿರುತ್ತದೆ. ಆದ್ದರಿಂದ ನಿರ್ವಾತದಲ್ಲಿ 200 ಡಿಗ್ರಿಗೂ ಮೇಲ್ಪಟ್ಟ ಶಾಖದಲ್ಲಿ ಅದರ ಮೂಲಕ ಹಬೆಯನ್ನು ಹಾಯಿಸಿ ವಾಸನೆಯನ್ನು ಓಡಿಸುತ್ತಾರೆ.

ಮಣ್ಣು ಬಣ್ಣವನ್ನು ಹಿಡಿಯುವ ರೀತಿಯನ್ನು ಸ್ವಲ್ಪ ವಿಚಾರಿಸಬೇಕು. ಒತ್ತುಕಾಗದ ಶಾಯಿಯನ್ನು ಒಳಗೆ ಹೀರಿಕೊಳ್ಳುತ್ತದೆ. ಮಣ್ಣಿನ ಕೆಲಸ ಅಂಥದಲ್ಲ. ಬೆಲ್ಲದ ಅಚ್ಚಿಗೆ ಇರುವೆ ಮುತ್ತುವಂತೆ ಬಣ್ಣದ ಅಣುಗಳು ಮಣ್ಣಿನ ಮೈಯನ್ನು ಮುತ್ತಿ ಅಂಟಿಕೊಳ್ಳುತ್ತವೆ. ಅಚ್ಚನ್ನು ಪುಡಿಮಾಡಿದಷ್ಟೂ ಇರುವೆಗೆ ಎಡೆ ಹೆಚ್ಚು. ಮೈ ಬೆಳೆದಷ್ಟೂ ಮಣ್ಣಿಗೆ ಬಲ ಹೆಚ್ಚು. ಇದಕ್ಕೆ ಅಧಿಶೋಷಣೆಯೆಂದು ಹೆಸರು. ಆದರೆ ಅಂಟುವುದೊಂದೇ ಅಲ್ಲದೆ ರಾಸಾಯನಿಕ ಕ್ರಿಯೆಯೂ ಅಲ್ಲಿ ನಡೆಯುತ್ತದೆ. ಕೆಂಪಾದ ತಾಳೆಯೆಣ್ಣೆಯನ್ನು ಚುರುಕುಗೊಳಿಸಿದ ಮಣ್ಣಿನೊಡನೆ ಕಲಸಿದರೆ ಮಣ್ಣು ಕೆಂಪಾಗುವುದಿಲ್ಲ, ನೀಲಿಮಿಶ್ರಿತ ಹಸುರಾಗುತ್ತದೆ. ಮಣ್ಣಿನಲ್ಲಿರುವ ಆಮ್ಲಗುಣವು ಕ್ಯಾರೊಟೀನಿನ ಅಣುವನ್ನೇ ಮಾರ್ಪಡಿಸಿತೆಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯಿದು. ಪೆರಾಕ್ಸೈಡುಗಳನ್ನೂ ಮಣ್ಣು ಹೀಗೆಯೇ ಮುರಿದುಹಾಕುತ್ತದೆ.

ಅಧಿಶೋಷಣೆಗೆ ಒಂದು ಲೆಕ್ಕವುಂಟು. ಜರ್ಮನಿಯ ರಸಾಯನಜ್ಞ ಫ್ರಾಯಿಂಡ್ಲಿಶ್ 20ನೆಯ ಶತಮಾನದ ಆರಂಭದಲ್ಲಿ ಅದನ್ನು ಸೂತ್ರವಾಗಿ ಬರೆದನು. ಅದರ ಅತ್ಯಂತ ಸರಳವಾದ ರೂಪವನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಒಂದು ಸೇರು ಮಣ್ಣು ಒಂದು ಹಂಡೆ ಎಣ್ಣೆಯ ಅರ್ಧ ಬಣ್ಣವನ್ನು ತೆಗೆಯಿತೆನ್ನಿ. ಎರಡು ಸೇರು ಹಾಕಿದರೆ ಬಣ್ಣವೆಲ್ಲ ಹೋಗಬೇಕೆಂದು ನಾವು ಎಣಿಸುತ್ತೇವೆ. ಹಾಗಾಗುವುದಿಲ್ಲ; ಮೂರನೆಯ ಒಂದು ಪಾಲು ಉಳಿಯುತ್ತದೆ. ಹತ್ತನೆಯ ಒಂದು ಪಾಲಿಗೆ ಇಳಿಸಬೇಕಾದರೆ ಒಂಬತ್ತು ಸೇರು ಬೇಕು. ಇಪ್ಪತ್ತನೆಯ ಒಂದು ಪಾಲಿಗೆ ಹತ್ತೊಂಬತ್ತು ಸೇರು. ಅದೇ ಎರಡು ಸೇರನ್ನು ಒಂದೊಂದಾಗಿ, ನಡುವೆ ಒಮ್ಮೆ ಸೋಸಿ, ಎರಡು ಸಲ ಹಾಕಿದರೆ ಉಳಿಯುವುದು ಕಾಲು ಪಾಲು ಮಾತ್ರ. ಮೊದಲಿನ ಬಣ್ಣ ಸುಲಭವಾಗಿ ಹೋಗುತ್ತದೆ. ಕಡೆಯ ಛಾಯೆ ಮಾತ್ರ ದುಬಾರಿ.

ಈ ಲೆಕ್ಕದಲ್ಲಿ ನಮಗೆಲ್ಲರಿಗೂ ಸಂಬಂಧಪಟ್ಟ ಒಂದು ಮಾತು ಅಡಗಿದೆ. ಸೋಸಿದ ಮೇಲೆ ಮಣ್ಣು ಬರಿಗೈಯಲ್ಲಿ ಹೋಗುವುದಿಲ್ಲ. ತನ್ನ ತೂಕದ ನೂರಕ್ಕೆ 20–30 ಪಾಲು ಎಣ್ಣೆಯನ್ನು ಹಿಡಿದುಕೊಂಡೇ ಹೋಗುತ್ತದೆ. ನೂರು ಟನ್ನು ಎಣ್ಣೆಗೆ ಒಂದು ಟನ್ನು ಮಣ್ಣು ಹಾಕಿದರೆ 200ರಿಂದ 300 ಕಿಲೋಗ್ರಾಂ ಎಣ್ಣೆ ನಷ್ಟ. ಎಣ್ಣೆ ಬಿಳುಪಾಗಿ ಕಾಣಲೆಂದು ಅಂತಿಮ ಛಾಯೆಯನ್ನೂ ತೆಗೆಯಹೊರಟರೆ, ಆ ಸೊಗಸಿಗಾಗಿ ತಿನ್ನುವ ಎಣ್ಣೆಯನ್ನು ಮಣ್ಣುಪಾಲು ಮಾಡಿದಂತಾಯಿತು. ಈ ಎಣ್ಣೆಮಣ್ಣು ಅಪಾಯಕಾರಿಯೂ ಹೌದು. ತೆಳುವಾಗಿ ಹರಡಿಕೊಂಡ ಎಣ್ಣೆಗೆ ಗಾಳಿ ತಗಲಿ ಶಾಖ ಹುಟ್ಟುತ್ತದೆ. ರಾಶಿಯೊಳಗಿನ ಶಾಖಕ್ಕೆ ಹೊರದಾರಿಯಿಲ್ಲದೆ ಕೊನೆಗೆ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಆದ್ದರಿಂದ ಅದನ್ನು ನೀರಿನಿಂದ ತೋಯಿಸಿ ಬೇಗನೆ ಸಾಗಿಸಬೇಕಾಗುತ್ತದೆ.

ಹಾಗಾದರೆ ಮಣ್ಣಿನಿಂದ ನಿಜವಾದ ಉಪಕಾರವೇನು? ಅದು ಬಣ್ಣವನ್ನು ತೆಗೆಯುವುದಕ್ಕಿಂತ ಹೆಚ್ಚಾಗಿ, ಬಣ್ಣವಿಲ್ಲದ ಕೇಡುಗಳನ್ನು ತೆಗೆಯುವುದೇ ಅದರ ದೊಡ್ಡ ಸೇವೆ. ಉಳಿದ ಸಾಬೂನು, ಫಾಸ್ಫಟೈಡು, ಕಬ್ಬಿಣ ತಾಮ್ರಗಳು, ಪೆರಾಕ್ಸೈಡು ಇವೆಲ್ಲ ಅದರ ಪಾಲಾಗುತ್ತವೆ. ಪತ್ರಹರಿತ್ತು ಶಾಖಕ್ಕೆ ಜಗ್ಗುವುದಿಲ್ಲ. ಅದನ್ನು ತೆಗೆಯಲು ಆಮ್ಲಸಂಸ್ಕಾರ ಪಡೆದ ಮಣ್ಣೇ ಬೇಕು. ಕ್ಯಾರೊಟೀನಾದರೋ ಮುಂದೆ ಹಬೆ ಹಾಯಿಸುವಾಗಿನ ಶಾಖದಲ್ಲಿಯೇ ನಾಶವಾಗುತ್ತದೆ. ಆದ್ದರಿಂದ ಎಣ್ಣೆ ಬಿಳುಪಾಗಿದೆಯೆಂದಮಾತ್ರಕ್ಕೆ ಮಣ್ಣು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದೆಯೆಂದು ತಿಳಿಯುವಂತಿಲ್ಲ. ಕ್ಯಾರೊಟೀನಿನಿಂದ ನಮ್ಮ ದೇಹ ಎ ಜೀವಸತ್ತ್ವವನ್ನು ಮಾಡಿಕೊಳ್ಳುತ್ತದೆಂಬುದನ್ನು ನೆನೆದರೆ, ಹೋದದ್ದೆಲ್ಲ ಕಸವೇ ಆಗಿತ್ತೆಂದೂ ಹೇಳಲಾಗುವುದಿಲ್ಲ.

ಇಲ್ಲಿ ಕಡಲೆಕಾಯಿಯ ವಿಚಾರವನ್ನು ಹೇಳಲೇಬೇಕು. ಚಳ್ಳಕೆರೆಯ ಸೀಮೆಯಲ್ಲಿ ಎಣ್ಣೆಯ ಗಿರಣಿಗಳನ್ನು ಕಂಡವರಿಗೆ ಈ ಬೆಳೆಯ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿಕೋಳಿಗಳು ಸತ್ತವು. ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಬೆಳೆದು, ಅದು ಸುರಿಸಿದ ವಿಷವೇ ಕಾರಣವೆಂದು ವಿಚಾರಣೆಯಿಂದ ತಿಳಿಯಿತು. ಅಫ್ಲಟಾಕ್ಸಿನ್ ಎಂದು ಹೆಸರಾದ ಆ ವಿಷ ಯಕೃತ್ತಿನ ಶತ್ರು. ತೇವದಲ್ಲಿ ಇಟ್ಟು ಬೂಷ್ಟು ಹಿಡಿದ ಬೀಜವನ್ನು ಆಡಿದರೆ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿಯೇ ಉಳಿದರೂ ಸ್ವಲ್ಪ ಎಣ್ಣೆಗೂ ಇಳಿಯುತ್ತದೆ. ಕ್ಷಾರದಿಂದ ತೊಳೆದಾಗ ಅದರ ಬಹುಭಾಗವೂ, ಮಣ್ಣಿನಿಂದ ಉಳಿದ ಭಾಗವೂ ಹೋಗುತ್ತವೆ. ಶುದ್ಧೀಕರಿಸದ ಎಣ್ಣೆಯನ್ನು ಬಿಸಿಲಿಗಿಟ್ಟರೆ ಈ ವಿಷ ನಾಶವಾಗುತ್ತದೆಂಬುದನ್ನು 1970ರ ದಶಕದಲ್ಲಿ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ತೋರಿಸಿದರು. ಒಳ್ಳೆಯ ಬೀಜದಿಂದ ಬಂದ ಗಾಣದ ಎಣ್ಣೆಗೆ ಇದಾವುದರ ಚಿಕಿತ್ಸೆಯೂ ಬೇಡ. ಕೆಟ್ಟ ಬೀಜದಿಂದ ಬಂದದ್ದಕ್ಕೆ ಗಾಣದ ಹೆಸರೊಂದೇ ರಕ್ಷೆಯಾಗಲಾರದು. ಆ ವಿಷವನ್ನು ಎಣ್ಣೆಯ ಬಣ್ಣದಿಂದ ಕಂಡುಹಿಡಿಯುವುದಂತೂ ಯಾರಿಗೂ ಸಾಧ್ಯವಿಲ್ಲ.

ಮಣ್ಣಿಗೂ ಮೀರಿದ ದೋಷಗಳುಂಟು. ಹೊಗೆಯಲ್ಲಿ ಒಣಗಿಸಿದ ಕೊಬ್ಬರಿಯ ಎಣ್ಣೆಗೆ ಹೊಗೆಯ ಕೆಲವು ಹಾನಿಕರ ಪದಾರ್ಥಗಳು ಸೇರುತ್ತವೆ. ಅವುಗಳಿಗೆ ಮಣ್ಣೊಂದೇ ಸಾಲದು. ಹಾಗೆಯೇ ಚುರುಕುಗೊಳಿಸಿದ ಇದ್ದಿಲನ್ನೂ ಕೂಡಿಸಬೇಕಾಗುತ್ತದೆ.

ಕಡೆಯದಾಗಿ, ಈ ಮಣ್ಣು ಎಣ್ಣೆಯ ಗುರುತನ್ನೂ ಅಳಿಸಬಲ್ಲದು. ನಮ್ಮ ದೇಶದಲ್ಲಿ 1930ರ ದಶಕದಲ್ಲಿ ವನಸ್ಪತಿಯ ತಯಾರಿಕೆ ಬೆಳೆದು, ಅದನ್ನು ತುಪ್ಪಕ್ಕೆ ಬೆರೆಸಿ ಮಾರುವ ಮೋಸವೂ ಬೆಳೆಯಿತು. ವನಸ್ಪತಿಗೆ ಬಣ್ಣ ಹಾಕಿದರೆ ಕಲಬೆರಕೆ ತಾನಾಗಿ ಬಯಲಾದೀತೆಂಬ ವಾದ ಎದ್ದಿತು. ಹಾಕಿದ ಬಣ್ಣವನ್ನು ಹಿಡಿ ಮಣ್ಣಿನಿಂದ ತೆಗೆದುಬಿಡುವಂತಿದ್ದರೆ ಆ ಬಣ್ಣದಿಂದ ಪ್ರಯೋಜನವೇನು ಎಂಬ ತೊಡಕು ಅದಕ್ಕುಂಟು. ಕಡೆಗೆ ವನಸ್ಪತಿಯಲ್ಲಿ ನೂರಕ್ಕೆ ಐದರಷ್ಟು ಎಳ್ಳೆಣ್ಣೆ ಇರಬೇಕೆಂದು ನಿಯಮವಾಯಿತು. ಎಳ್ಳೆಣ್ಣೆಯಿರುವ ತುಪ್ಪವನ್ನು ಹೈಡ್ರೊಕ್ಲೋರಿಕ್ ಆಮ್ಲ ಮತ್ತು ಫರ್‌ಫ್ಯೂರಾಲ್‌ಗಳೊಡನೆ ಕುಲುಕಿದರೆ ಕೆಂಪುಬಣ್ಣ ಬರುತ್ತದೆ. ಆದರೆ ಎಳ್ಳೆಣ್ಣೆಯನ್ನು ಆಮ್ಲಗುಣದ ಮಣ್ಣಿನಿಂದ ಬಲವಾಗಿ ಸಂಸ್ಕರಿಸಿದರೆ ಈ ಕೆಂಪೂ ಕುಗ್ಗುತ್ತದೆ. ಕೊಳೆಯನ್ನು ತೆಗೆಯುವ ಕೈಯೇ ಸಾಕ್ಷಿಯನ್ನೂ ತೆಗೆಯಬಲ್ಲದು. ಆ ಕೈ ಯಾರದೆಂಬುದನ್ನು ನೋಡಿಕೊಳ್ಳಬೇಕಾದದ್ದು ಸಮಾಜದ ಮತ್ತು ಸರ್ಕಾರದ ಕರ್ತವ್ಯ.

ಮಹಾಶಯರೇ, ಇಷ್ಟನ್ನು ಕೇಳಿದ ಮೇಲೆ ನಮ್ಮ ಮೊದಲಿನ ಪ್ರಶ್ನೆಗಳಿಗೆ ಉತ್ತರ ಹೇಳಬಹುದು. ಬಣ್ಣದಲ್ಲಿ ಒಂದಂಶ ಮಣ್ಣಿನ ಮೈಗೆ ಹತ್ತಿತು, ಒಂದಂಶ ಶಾಖದಲ್ಲಿ ಅಳಿಯಿತು. ಎಣ್ಣೆ ಉತ್ತಮವಾಯಿತೋ ಇಲ್ಲವೋ ಎಂಬುದು ಬಣ್ಣದೊಡನೆ ಮತ್ತೇನು ಹೋಯಿತೆಂಬುದನ್ನು ಅವಲಂಬಿಸಿದೆ. ಅದನ್ನು ಸೀಸೆಯನ್ನು ಬೆಳಕಿಗೆ ಹಿಡಿದು ನೋಡುವುದರಿಂದ ತಿಳಿಯಲಾಗದು. ಪ್ರಯೋಗಶಾಲೆಯ ಪರೀಕ್ಷೆಯಿಂದ ತಿಳಿಯಬೇಕು. ಕೊಳ್ಳುವವರಾದ ನಾವು ಮಾಡಬಹುದಾದದ್ದೂ ಸ್ವಲ್ಪವುಂಟು. ಗಾಣದ ಎಣ್ಣೆಯನ್ನು ಕೊಳ್ಳುವವರು ಬೀಜ ಎಂಥದೆಂದು ವಿಚಾರಿಸಲಿ. ಕಾರ್ಖಾನೆಯ ಎಣ್ಣೆಯನ್ನು ಕೊಳ್ಳುವವರು ಅತಿಯಾದ ಬಿಳುಪನ್ನು ಬಯಸದಿರಲಿ. ಯಾವ ಎಣ್ಣೆಯನ್ನಾದರೂ ಬೆಳಕು ಗಾಳಿಗಳಿಂದ ದೂರವಿಟ್ಟು, ಹಳೆಯ ಎಣ್ಣೆಗೆ ಹೊಸದನ್ನು ಬೆರೆಸದೆ ಬಳಸಲಿ. ಮನೆಗೆ ಬರುವ ಎಣ್ಣೆ ಹೇಗೆ ಕಾಣುತ್ತದೆಂಬುದಕ್ಕಿಂತ ಎಲ್ಲಿಂದ, ಯಾವ ಬೀಜದಿಂದ, ಯಾವ ಸಂಸ್ಕಾರ ಪಡೆದು ಬಂತೆಂಬುದನ್ನು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆದರೆ, ಮಾರುವವರೂ ಅದಕ್ಕೆ ಉತ್ತರ ಕೊಡಲು ಸಿದ್ಧರಾಗಿ ಬರುತ್ತಾರೆ.